ಅಂಚಿನ ಚೀಟಿಗಳು

ಕುಂಬ್ರ
18-11-2024

ಮಗಳು ತನ್ಮಯಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಪತ್ರ ಸುರು ಮಾಡಬೇಕು ಅಂತ ನಮಗೆ ಏಳನೇ ಕ್ಲಾಸಿನಲ್ಲಿ ಕಲಿಸಿದ್ದರು. ಸುಳ್ಳಿನಿಂದ ಸುರು ಮಾಡಲು ನನಗೆ ಮನಸ್ಸಿಲ್ಲ. ನಾನು ಕ್ಷೇಮ, ದನ ಕ್ಷೇಮ. ನಿನ್ನ ಅಪ್ಪನ ಮೇಲೆ ಮಾತ್ರ ನನಗೆ ಸಂಶಯ ಬಂದಿದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತಿ. ಕಡಬದ ನಿನ್ನ ವಸತಿ ಶಾಲೆಯಲ್ಲಿ ನೀರಿನ ಟಾಂಕಿಯ ಕೆಳಗೆ ನಿಂತರೆ ಮಾತ್ರ ಸಿಗ್ನಲ್. ನೀನು ಹಾಸ್ಟೆಲಿನ ಮಕ್ಕಳನ್ನು ಊಟಕ್ಕೆ ಕೂರಿಸಿ ಅಲ್ಲಿಗೆ ಬರುವ ಹೊತ್ತಿಗೆ ಇಲ್ಲಿ ಅಪ್ಪ ನನ್ನ ಪಕ್ಕದಲ್ಲೇ ಇರುತ್ತಾರೆ. ಅವರ ಮೇಲಿನ ದೂರು ಅವರ ಎದುರೇ ಹೇಗೆ ಹೇಳುವುದು? ಅದಕ್ಕೆ ಕಾಗದ.

ನಿನ್ನ ಮದುವೆಗೆ ಉಳಿದದ್ದು ಮೂರೇ ತಿಂಗಳು. ಮೂವತ್ತು ವರ್ಷದಿಂದ ಊರಿನವರ ಮದುವೆ ಕಾಗದ ಅಚ್ಚು ಹಾಕಿದ ಮನುಷ್ಯ ಸ್ವಂತ ಮಗಳ ಕಾಗದಕ್ಕೆ ಇನ್ನೂ ಒಂದು ಅಕ್ಷರ ಜೋಡಿಸಲಿಲ್ಲ. ನಿನ್ನೆ ಕೇಳಿಯೇ ಬಿಟ್ಟೆ.

"ಕಾಗದದ್ದು ಎಂತ ಆಯ್ತು?"

"ಆಗ್ತದೆ."

"ಯಾವಾಗ ಆಗುದು? ಮಂಡೆಕೋಲಿನವರು ಎಂತ ಹೇಳಿಯಾರು?"

"ಶಶಾಂಕನ ಮನೆಯವರಿಗೇ ಗಡಿಬಿಡಿ ಇಲ್ಲ ಮಾರಾಯ್ತಿ. ನಿನಗೆ ಎಂತ?"

ಹುಡುಗನ ಮನೆಯವರಿಗೆ ಗಡಿಬಿಡಿ ಇಲ್ಲ ಎಂದು ಇವರಿಗೆ ಹೇಳಿದ್ದು ಯಾರು? ಅವರು ಫೋನ್ ಮಾಡಿದ್ದರೆ ನನಗೂ ಗೊತ್ತಾಗಬೇಕಿತ್ತು.

ಇನ್ನೊಂದು ಉಂಟು. ದಿನಾ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಅಪ್ಪ ಮನೆಯ ಎದುರಿನ ಪ್ರೆಸ್ ಕೋಣೆಗೆ ಹೋಗಿ, ಬಾಗಿಲು ಅರ್ಧ ಎಳೆದು, ಪಡುವಣ ಕಿಟಕಿಯ ಹತ್ತಿರ ಮೊಬೈಲು ಹಿಡಿದು ಕೂರುತ್ತಾರೆ. ನಾನು ಚಹಾ ತೆಗೆದುಕೊಂಡು ಹೋದರೆ ಮೊಬೈಲನ್ನು ಮಗುಚಿ ಹಾಕುತ್ತಾರೆ. ಐವತ್ತೆಂಟು ವರ್ಷದವರು ಮೊಬೈಲು ಮಗುಚಿ ಹಾಕುವ ಕೆಲಸ ಯಾಕೆ ಮಾಡಬೇಕು?

ಅಂಗಿ ಒಗೆಯುವಾಗ ಜೇಬಿನಲ್ಲಿ ಎರಡು ಚೀಟಿ ಸಿಕ್ಕಿದವು. ಕಾಗದ ಕತ್ತರಿಸುವಾಗ ಉಳಿಯುವ ಅಂಚಿನ ಚೂರು. ಒಂದರ ಮೇಲೆ ಅವರ ಕೈಬರಹದಲ್ಲಿ ಇ3ಎ008. ಇನ್ನೊಂದರಲ್ಲಿ ಡಿ99ಬಿ00. ಅವರು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕನ್ನಡ ಮಾಡಿದ್ದೇನೆ. ಎದುರಿಗೆ ಎರಡು ಉದ್ದ ಗೆರೆ, ಎರಡು ಅಡ್ಡ ಗೆರೆ, ಚೌಕಾಬಾರದ ಮನೆಯ ಹಾಗೆ. ಪ್ರೆಸ್ಸಿನ ಲೆಕ್ಕವಾ ಎಂದು ಕೇಳಿದರೆ "ಎಂತದೂ ಇಲ್ಲ" ಎಂದು ಕಿತ್ತುಕೊಂಡು ಕಸದ ಡಬ್ಬಕ್ಕೆ ಹಾಕಿದರು.

ಡಬ್ಬದಿಂದ ನಾನು ಹೆಕ್ಕಿ ಇಟ್ಟಿದ್ದೇನೆ.

ನಿನಗೆ ಏನಾದರೂ ಗೊತ್ತಿದ್ದರೆ ಬರೆ.

ನಿನ್ನ ಅಮ್ಮ
ಪರಮೇಶ್ವರಿ


ಕಡಬ
24-11-2024

ಅಮ್ಮ,

ಪತ್ರ ಶುಕ್ರವಾರ ಸಿಕ್ಕಿತು. ಹತ್ತನೆಯವರಿಗೆ ಬೆಳಿಗ್ಗೆ, ಸಂಜೆ ವಿಶೇಷ ತರಗತಿ ಇದೆ, ಅದಕ್ಕೇ ಉತ್ತರ ತಡವಾಯಿತು. ಅಪ್ಪ ಮೊಬೈಲಿನಲ್ಲಿ ಏನೋ ನೋಡುತ್ತಾರೆ, ನೋಡಲಿ ಬಿಡು. ಆ ಚೀಟಿ ಏನೂ ಅಲ್ಲ. ಮದುವೆ ಕಾಗದದ ಚಿಂತೆ ನೀನು ಮಾಡಬೇಡ, ಅದು ಸಮಯಕ್ಕೆ ಸರಿಯಾಗಿ ಆಗುತ್ತದೆ.

ಮಾವಿನಮಿಡಿ ಉಪ್ಪಿನಕಾಯಿ ಮುಗಿಯಿತು. ನನಗಿಂತ ಹೆಚ್ಚು ಮಕ್ಕಳೇ ತಿಂದರು.

ತನ್ಮಯೀ


ಕುಂಬ್ರ
3-12-2024

ತನ್ಮಯೀ,

ಉಪ್ಪಿನಕಾಯಿ ಕಳಿಸುತ್ತೇನೆ. ಮೊದಲು ಒಂದು ಮಾತಿಗೆ ಉತ್ತರ ಕೊಡು. ಚೀಟಿ ಏನೂ ಅಲ್ಲ ಎಂದು ಬರೆದಿದ್ದಿ. ಕಡಬದಲ್ಲಿ ಕುಳಿತವಳಿಗೆ ಕುಂಬ್ರದ ಚೀಟಿ ಏನೂ ಅಲ್ಲ ಎಂದು ಹೇಗೆ ಗೊತ್ತಾಯಿತು?

ನನಗೆ ಈಗ ಗೊತ್ತಾಗಿದೆ.

ಬುಧವಾರ ಅಪ್ಪ ಪುತ್ತೂರಿಗೆ ಶಾಯಿ ತರಲು ಹೋಗುವುದೆಂದು ಹೇಳಿ ಹೋದರು. ಶಾಯಿ ಬರಲಿಲ್ಲ. ಜೇಬಿನಲ್ಲಿ ಬಸ್ಸಿನ ಟಿಕೇಟು ಇತ್ತು, ಜಾಲ್ಸೂರಿನದ್ದು. ಪುತ್ತೂರಿಗೆ ಹೋಗುವವನು ಎದುರು ದಿಕ್ಕಿನ ಸುಳ್ಯದ ಬಸ್ಸು ಹತ್ತುತ್ತಾನಾ? ಜಾಲ್ಸೂರಿನಿಂದ ಸ್ವಲ್ಪ ಆಚೆ ಹೋದರೆ ಕೇರಳ. ಅಲ್ಲಿ ಏನು ಮಾರುತ್ತಾರೆ ಎಂದು ಈ ಕಡೆಯ ಎಲ್ಲರಿಗೂ ಗೊತ್ತುಂಟು.

ನಿನ್ನ ಗಿರಿಧರ ಮಾವನ ಕಥೆ ನಿನಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ನನ್ನ ಅಣ್ಣ ವಾರ ವಾರ ಗಡಿ ದಾಟಿ ಹೋಗುತ್ತಿದ್ದ. ತವರಿನಲ್ಲಿ ಆ ಲಾಟರಿ ಟಿಕೇಟುಗಳನ್ನು ನಾನೇ ಗುಡಿಸಿದ್ದೇನೆ. ಎದುರಿಗೆ ಅಕ್ಷರ, ಹಿಂದೆ ಅಂಕೆ. ಮಧ್ಯಾಹ್ನ ಮೂರು ಗಂಟೆಗೆ ನಂಬ್ರ ತೆಗೆಯುವುದು. ಅಷ್ಟು ಹೊತ್ತಿಗೆ ಅಣ್ಣ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಆಮೇಲೆ ಮೂರು ಗಂಟೆಗೆ ಮಾತ್ರ ಅಲ್ಲ, ಯಾವ ಹೊತ್ತಿಗೂ ಮಾತಾಡುವುದು ಬಿಟ್ಟ. ಒಂದು ದಿನ ಹೋದವನು ಏಳು ವರ್ಷವಾಯಿತು, ಬರಲಿಲ್ಲ.

ನಿನ್ನ ಅಪ್ಪನೂ ಈಗ ಮೂರು ಗಂಟೆಗೆ ಮಾತಾಡುವುದಿಲ್ಲ.

ಅವರು ಸ್ನಾನಕ್ಕೆ ಹೋದಾಗ ಮೊಬೈಲು ತೆರೆದು ನೋಡಿದೆ. ಅವರು ಬೀಗದ ಗೆರೆ ನನ್ನ ಎದುರೇ ಎಳೆಯುತ್ತಾರೆ, ಅದು ನನಗೆ ಬಾಯಿಪಾಠ. ಒಳಗೆ ಒಂದು ಹೊಸ ಚಿತ್ರ ಉಂಟು. ನೀಲಿ ಬಣ್ಣದ ಗುರಾಣಿ, ಅದರ ಮೇಲೆ 3. ಒತ್ತಿದರೆ ಬರೇ ಇಂಗ್ಲಿಷು, ನಡುವೆ ಬಣ್ಣ ಬಣ್ಣದ ಚೌಕ, ಅದರ ಹತ್ತಿರ ಇಂಥದ್ದೇ ಅಕ್ಷರ ಮತ್ತು ಅಂಕೆ. ಹಳದಿ ಚೌಕವೇ ಹತ್ತಿಪ್ಪತ್ತು. ಮೂರು ಗಂಟೆಗೆ ಮೂರು ಎಂದು ಬರೆದದ್ದನ್ನು ನೋಡುವುದು. ಇನ್ನು ನನಗೆ ಯಾರೂ ಹೇಳಿಕೊಡಬೇಕೆಂದಿಲ್ಲ.

ಅದೂ ಅಲ್ಲದೆ, ನನ್ನ ಮರದ ಪೆಟ್ಟಿಗೆಯಿಂದ ಒಂದು ಕಾಗದ ಕಾಣೆಯಾಗಿದೆ. ನಮ್ಮ ಪ್ರೆಸ್ಸಿನ ಕ್ರಮ ನಿನಗೆ ಗೊತ್ತುಂಟಲ್ಲ. ಯಾರ ಮದುವೆಯದ್ದೇ ಆಗಲಿ, ಮಿಷನಿನಿಂದ ಹೊರಗೆ ಬಂದ ಮೊದಲ ಕಾಗದ ಒಳಗೆ ನನ್ನ ಕೈಗೆ ಬರಬೇಕು. ನಾನು ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಎದುರು ಇಟ್ಟ ಮೇಲೆಯೇ ಉಳಿದ ಕಟ್ಟು ಹೊರಗೆ ಹೋಗುವುದು. ಬೇರೆ ಪ್ರೆಸ್ಸಿನವರು ಕೇಳಿ ನಗುತ್ತಾರೆ, ಆದರೆ ಆ ಅರಿಶಿನಕ್ಕೆಂದೇ ನಮ್ಮಲ್ಲಿಗೆ ಬರುವವರು ಇದ್ದಾರೆ. ಆ ಮೊದಲ ಕಾಗದಗಳನ್ನೆಲ್ಲ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮೂರು ವರ್ಷ ಹಿಂದಿನ ದೇರಣ್ಣನ ಮಗಳ ಕಾಗದ ಅದರಲ್ಲಿ ಇಲ್ಲ. ದೇವರಿಗೆ ಇಟ್ಟದ್ದನ್ನು ಹಿಡಿದುಕೊಂಡು ಹೋಗಿ ನಂಬ್ರ ತೆಗೆಸುವ ಮಂತ್ರವಾದಿಗಳು ಇದ್ದಾರಂತೆ. ಆ ಮಟ್ಟಕ್ಕೆ ಇಳಿದರಾ ಎಂದು ಹೆದರಿಕೆಯಾಗುತ್ತದೆ.

ಮಹಾಲಿಂಗೇಶ್ವರನಿಗೆ ಒಂದು ರುದ್ರಾಭಿಷೇಕ ಹೇಳಿಕೊಂಡಿದ್ದೇನೆ, ಇವರಿಗೆ ಈ ಚಟ ಬಿಡಲಿ ಎಂದು.

ಚೀಟಿ ಈಗ ಹದಿನಾಲ್ಕು ಆಯಿತು. ಹಿಂದೆ ತಾರೀಕು ಹಾಕಿ ಇಡುತ್ತಿದ್ದೇನೆ. ಕೆಲವದರಲ್ಲಿ ಮಾರ್ಜಿನ್ 18, ಬಾರ್ಡರ್ 2 ಎಂದೆಲ್ಲ ಉಂಟು, ಅದು ಪ್ರೆಸ್ಸಿನದ್ದು ಎಂದು ಕಾಣುತ್ತದೆ. ಆದರೂ ಬಿಸಾಡಲಿಲ್ಲ. ಕಳ್ಳ ಲೆಕ್ಕ ಬರೆಯುವವರು ನಡುವೆ ಒಳ್ಳೆಯ ಲೆಕ್ಕವನ್ನೂ ಸೇರಿಸುತ್ತಾರೆ.

ನಿನ್ನ ಅಮ್ಮ


ಕಡಬ
8-12-2024

ಅಮ್ಮ,

ಅದು ಲಾಟರಿ ಅಲ್ಲ. ನನ್ನ ಆಣೆ. ಮಂತ್ರವಾದಿಯೂ ಇಲ್ಲ. ಏನು ಎಂದು ನಾನು ಹೇಳುವ ಹಾಗಿಲ್ಲ, ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಸಂಕ್ರಾಂತಿಗೆ ಎರಡು ದಿನ ರಜೆ ಸಿಗುತ್ತದೆ, ಬಂದು ಕೂತು ಮಾತಾಡೋಣ. ಅಲ್ಲಿಯವರೆಗೆ ದಯವಿಟ್ಟು ಏನೂ ಮಾಡಬೇಡ. ಅಪ್ಪನನ್ನು ಕೇಳಲೂ ಬೇಡ.

ತನ್ಮಯೀ


ಕುಂಬ್ರ
19-12-2024

ತನ್ಮಯೀ,

"ಹೇಳುವ ಹಾಗಿಲ್ಲ" ಎಂದು ಹೆತ್ತವಳಿಗೆ ಬರೆದಿದ್ದಿ. ಅಪ್ಪನಿಗೆ ಮಾತು ಕೊಟ್ಟಿದ್ದಿಯಂತೆ. ನನಗೆ ಯಾರೂ ಮಾತು ಕೊಟ್ಟಿಲ್ಲ, ಹಾಗಾಗಿ ನಾನೇ ಹೋದೆ.

ಮಂಗಳವಾರ ಅವರು ಹತ್ತಿದ ಬಸ್ಸಿನ ಹಿಂದಿನ ಬಸ್ಸಿನಲ್ಲಿ ನಾನು ಜಾಲ್ಸೂರಿಗೆ ಹೋದೆ. ಹರಕೆ ಹೇಳಿದವಳು ಗಂಡನ ಬೆನ್ನು ಹಿಡಿದು ಹೋಗುವುದು ಸರಿಯಾ ಎಂದು ಬಸ್ಸಿನಲ್ಲಿ ಕುಳಿತು ಬಹಳ ಯೋಚನೆ ಮಾಡಿದೆ. ಸರಿಯಲ್ಲ ಎಂದು ಗೊತ್ತಾಗುವಷ್ಟರಲ್ಲಿ ಜಾಲ್ಸೂರು ಬಂತು.

ಅವರು ಗಡಿ ದಾಟಲಿಲ್ಲ. ಜಂಕ್ಷನ್ನಿನಲ್ಲೇ ಸಫಿಯಮ್ಮನ ಮಗ ಫಯಾಝನ ಮೊಬೈಲ್ ಅಂಗಡಿಯಿಂದ ಹೊರಗೆ ಬರುವುದನ್ನು ನೋಡಿದೆ. ಸಫಿಯಮ್ಮ ನಮ್ಮಲ್ಲಿ ಕಾಗದ ಮಡಚುವ ಕೆಲಸಕ್ಕೆ ಬರುತ್ತಿದ್ದದ್ದು ನಿನಗೆ ನೆನಪಿರಬೇಕು. ಇವರು ಬಸ್ಸು ಹತ್ತಿದ ಮೇಲೆ ನಾನು ಅಂಗಡಿಗೆ ಹತ್ತಿದೆ. ನನ್ನನ್ನು ನೋಡಿ ಫಯಾಝ್ ಎದ್ದೇ ನಿಂತ.

"ಓ, ಅಮ್ಮ! ಎಂತ ಈ ಕಡೆ? ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಕೂತ್ಕೊಳ್ಳಿಕ್ಕೆ ಬಂದದ್ದಲ್ಲ. ಅವರು ಎಂತಕ್ಕೆ ಬಂದದ್ದು ಇಲ್ಲಿಗೆ?"

"ಯಾರು? ಮೋಹನಣ್ಣನಾ? ರೀಚಾರ್ಜಿಗೆ."

"ಕುಂಬ್ರದಲ್ಲಿ ರೀಚಾರ್ಜ್ ಇಲ್ವಾ?"

"ಉಂಟು. ಆದ್ರೆ ನನ್ನ ಹತ್ರ ಸ್ವಲ್ಪ ಪ್ರೀತಿ."

"ನಿನ್ನ ಹತ್ರ ಪ್ರೀತಿ ಇದ್ರೆ ದಿನಾ ಮೂರು ಗಂಟೆಗೆ ಮನೆಯಲ್ಲಿ ಮೊಬೈಲು ಮಗುಚಿ ಹಾಕುದು ಯಾಕೆ ಮಾರಾಯ?"

ಅವನು ಕಿವಿ ತುರಿಸಿಕೊಂಡ. ಸಣ್ಣವನಿರುವಾಗ ಪ್ರೆಸ್ಸಿನ ಬಣ್ಣದ ಕಾಗದ ಕದ್ದು ಗಾಳಿಪಟ ಮಾಡಿ ಸಿಕ್ಕಿಬಿದ್ದಾಗಲೂ ಹೀಗೇ ಕಿವಿ ತುರಿಸಿದ್ದ.

"ಗಡಿಯಿಂದ ಆಚೆಯ ಟಿಕೇಟು ತರಿಸಿಕೊಡುದು ನೀನಾ?"

"ಎಂತ ಟಿಕೇಟ್? ಅಲ್ಲಾಹ್! ನನ್ನ ಉಮ್ಮನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲಿತಾರೆ. ಅಮ್ಮ, ಒಂದು ಹೇಳ್ತೇನೆ. ಮೋಹನಣ್ಣ ಮಾಡುದು ತಪ್ಪಲ್ಲ. ಆದ್ರೆ ನನ್ನ ಬಾಯಿಂದ ಬರ್ಲಿಕ್ಕಿಲ್ಲ."

ನಿನ್ನ ಬಾಯಿಯಿಂದಲೂ ಬರುವುದಿಲ್ಲ, ಅವನ ಬಾಯಿಯಿಂದಲೂ ಬರುವುದಿಲ್ಲ. ಎಲ್ಲರ ಬಾಯಿಗೂ ಒಂದೇ ಬೀಗ. ಲಾಟರಿ ಅಲ್ಲದಿದ್ದರೆ ಇನ್ನೇನು? ಮಂಡೆಕೋಲಿನವರು ಸಂಬಂಧ ಬೇಡವೆಂದರಾ? ಅದನ್ನು ನನ್ನಿಂದ ಮುಚ್ಚಿಡುತ್ತಿದ್ದೀರಾ? ಕಾಗದ ಅಚ್ಚಾಗದೆ ಇರುವುದು ಅದಕ್ಕೆಯಾ? ಹಾಗಿದ್ದರೆ ಆ ನಂಬ್ರಗಳು ಯಾವುದು? ಒಂದಕ್ಕೊಂದು ಕೂಡಿಸಿದರೆ ಕೂಡುವುದಿಲ್ಲ. ಕೊನೆಗೆ ಕೂಡುವುದು ಲಾಟರಿಗೇ.

ಮಧ್ಯಾಹ್ನದ ನೈವೇದ್ಯಕ್ಕೆ ನಾನು ಅವತ್ತು ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಇದು ಮೊದಲ ಸಲ.

ಅಮ್ಮ


ಕುಂಬ್ರ
31-12-2024

ತನ್ಮಯೀ,

ನೀನು ಬೇಡವೆಂದದ್ದನ್ನು ಮಾಡಿದೆ. ಬೇರೆಯವರಿಂದ ಕೇಳುವ ಮೊದಲು ನಾನೇ ಬರೆಯುತ್ತೇನೆ.

ಮೊನ್ನೆ ಗುರುವಾರ ಅವರು ಸ್ನಾನಕ್ಕೆ ಹೋದಾಗ ಆ ನೀಲಿ ಗುರಾಣಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೆ. ನೀನು ಹಿಂದೆ ಒಂದು ಆಟವನ್ನು ಮೊಬೈಲಿನಿಂದ ತೆಗೆದದ್ದನ್ನು ನೋಡಿದ್ದೆ. ಮೊಬೈಲು ಒಂದು ಸಲ ಕೇಳಿತು, ತೆಗೆಯಬೇಕಾ ಎಂದು. ದೇವರ ಹೆಸರು ಹೇಳಿ ಹೌದು ಎಂದು ಒತ್ತಿದೆ. ಮಾಯವಾಯಿತು. ಆಗ ಮನಸ್ಸು ಎಷ್ಟು ಹಗುರವಾಯಿತು ಎಂದರೆ ದೇವರ ಕೋಣೆಗೆ ಹೋಗಿ ಒಂದು ತುಪ್ಪದ ದೀಪ ಹಚ್ಚಿದೆ.

ಮೂರು ಗಂಟೆಗೆ ಅವರು ಕಿಟಕಿಯ ಹತ್ತಿರ ಕುಳಿತರು. ನಾನು ಬಾಗಿಲಲ್ಲೇ ನಿಂತಿದ್ದೆ. ಮೊಬೈಲನ್ನು ಅತ್ತ ಇತ್ತ ಉಜ್ಜಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನೀನು ಮುಟ್ಟಿದ್ದಾ?"

"ಮುಟ್ಟಿದ್ದೇನೆ. ತೆಗೆದಿದ್ದೇನೆ."

ಬಯ್ಯುತ್ತಾರೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಉತ್ತರವನ್ನೂ ಜೋಡಿಸಿಟ್ಟಿದ್ದೆ, ಅಣ್ಣನ ಹೆಸರು ಎತ್ತಬೇಕು ಎಂದು. ಅವರು "ಆಯ್ತು" ಎಂದರು. ಅಷ್ಟೇ. ಎದ್ದು ಹೋಗಿ ಸೀಮೆಎಣ್ಣೆ ಬಟ್ಟೆಯಿಂದ ಮಿಷನಿನ ರೋಲರು ಒರೆಸಲು ಸುರು ಮಾಡಿದರು. ಆ ಹಳೇ ಮಿಷನು ಓಡದೆ ತಿಂಗಳಾಯಿತು. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಇವತ್ತಿಗೆ ಐದು ದಿನ. ಊಟಕ್ಕೆ ಕರೆದರೆ ಬರುತ್ತಾರೆ. ಕೇಳಿದ್ದಕ್ಕೆ ಹೂಂ ಅಥವಾ ಬೇಡ. ಮೂರು ಗಂಟೆಗೆ ಕಿಟಕಿಯ ಹತ್ತಿರ ಹೋಗುವುದಿಲ್ಲ.

ಅಣ್ಣನೂ ಹೋಗುವ ಮೊದಲು ಹೀಗೇ ಇದ್ದ. ನಾನು ಗೆದ್ದೆನಾ, ಇಲ್ಲವಾ ಎಂದು ಗೊತ್ತಾಗುವುದಿಲ್ಲ. ನೀನು ಸಂಕ್ರಾಂತಿಗೆ ಬಾ. ಅದಕ್ಕಿಂತ ಮೊದಲು ಬರಲು ಆದರೆ ಬಾ.

ಅಮ್ಮ


ಕುಂಬ್ರ
2-1-2025

ಚಿ. ತನ್ಮಯಿಗೆ ಅಪ್ಪನ ಆಶೀರ್ವಾದಗಳು.

ನೀನು ಹಾಕಿಕೊಟ್ಟಿದ್ದ ಆ ಆಪ್ ಹೋಯಿತು. ಅದನ್ನು ಮತ್ತೆ ಹಾಕಿಕೊಳ್ಳುವುದು ದೊಡ್ಡ ವಿಷಯ ಅಲ್ಲವಂತೆ. ಆದರೆ ಅದರ ಒಳಗೆ ನಾನು ಜೋಡಿಸಿ ಇಟ್ಟಿದ್ದ ನಿನ್ನ ಮದುವೆಯ ಪುಟ ಅದರೊಟ್ಟಿಗೇ ಹೋಗಿದೆ. ಬೇರೆ ಕಡೆಯೂ ಒಂದು ಪ್ರತಿ ಇಡಿ ಎಂದು ಫಯಾಝ್ ಮೂರು ಸಲ ಹೇಳಿದ್ದ. ಕೆಲಸ ಮುಗಿಯದೆ ಪ್ರೂಫು ಹೊರಗೆ ಕೊಡುವ ಕ್ರಮ ನನಗಿಲ್ಲ ಎಂದಿದ್ದೆ. ನನ್ನದೇ ತಪ್ಪು.

ಕಾಗದ ಬೇಡ, ಮೊಬೈಲಿನಲ್ಲಿ ತೆರೆಯುವ ಒಂದು ಪುಟ ಸಾಕು ಎಂದು ನೀನೂ ಶಶಾಂಕನೂ ಹೇಳಿದಾಗ ನನಗೆ ಬೇಸರವಾಗಿತ್ತು. ಆದರೆ ಆ ಆಪ್ ನೋಡಿದ ಮೇಲೆ ಬೇಸರ ಹೋಯಿತು. ಅದು ಮೊಬೈಲಿನ ಪುಟ ಅಲಂಕಾರ ಮಾಡುವ ಭಾಷೆಯ ನಿಘಂಟು, ಗುರಾಣಿಯ ಮೇಲಿನ 3 ಅದರ ಮೂರನೇ ಆವೃತ್ತಿಯದ್ದಂತೆ. ಬೇಕಾದ ಅಲಂಕಾರದ ಹೆಸರು ಹುಡುಕಿದರೆ ಹೇಗೆ ಬರೆಯಬೇಕೆಂದು ತೋರಿಸುತ್ತದೆ, ಕೆಳಗೆ ನಾವೇ ಬರೆದು ನೋಡಲು ಜಾಗ. ಮಾರ್ಜಿನ್, ಬಾರ್ಡರ್, ಸಾಲಿನ ಎತ್ತರ, ಎಲ್ಲ ನಮ್ಮ ಕೆಲಸವೇ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದೆವು, ಇಲ್ಲಿ ಅಂಕೆ ಇಡುವುದು. ಈ ವಯಸ್ಸಿನಲ್ಲಿ ಒಂದು ಕೆಲಸ ಎರಡನೇ ಸಲ ಕಲಿತ ಹಾಗೆ ಆಯಿತು.

ಸಿಗದೆ ಹೋದದ್ದು ಒಂದೇ. ನಿನ್ನ ಅಮ್ಮನ ಕೈಯ ಅರಿಶಿನ ಮುಟ್ಟದೆ ಈ ಪ್ರೆಸ್ಸಿನಿಂದ ಒಬ್ಬರ ಮದುವೆಯ ಕಟ್ಟೂ ಹೊರಗೆ ಹೋಗಿಲ್ಲ. ನಮ್ಮ ಮಗಳ ಮದುವೆಗೇ ಮೊದಲ ಕಾಗದ ಇಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಪುಟದ ನಾಲ್ಕು ಮೂಲೆಯಲ್ಲಿ ಅವಳ ಅರಿಶಿನವೇ ಬರುವ ಹಾಗೆ ಮಾಡಿ, ತೋರಿಸಿಯೇ ಹೇಳುವುದೆಂದು ಇದ್ದೆ. ಅವಳ ಪೆಟ್ಟಿಗೆಯಿಂದ ದೇರಣ್ಣನ ಮಗಳ ಕಾಗದ ತೆಗೆದು ದಿನಾ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಬಣ್ಣ ತಾಳೆ ನೋಡಲು ಮೂರು ಗಂಟೆಯ ಬೆಳಕೇ ಸರಿ, ಅದು ನಿನಗೂ ಗೊತ್ತು. ಆ ಆಪಿನಲ್ಲಿ ಒಂದೊಂದು ಬಣ್ಣಕ್ಕೂ ಅಕ್ಷರ, ಅಂಕೆ ಸೇರಿದ ಒಂದು ನಂಬ್ರ; ಹಳದಿಗೆ ಎಷ್ಟು ನಂಬ್ರ ಉಂಟೋ ಅಷ್ಟನ್ನೂ ನೋಡಿದೆ. ಒಂದೂ ಅವಳದ್ದಾಗಲಿಲ್ಲ.

ಯಾಕೆ ತೆಗೆದದ್ದು ಎಂದು ಅವಳನ್ನು ಕೇಳಿಲ್ಲ. ಕೇಳಿದರೆ ನಾನೂ ಎಲ್ಲ ಹೇಳಬೇಕಾಗುತ್ತದೆ. ಅಂಕೆ ಒಂದೂ ನೆನಪಿನಲ್ಲಿಲ್ಲ. ಚೀಟಿಯಲ್ಲಿ ಬರೆದು, ಪುಟಕ್ಕೆ ಏರಿಸಿದ ಕೂಡಲೇ ಬಿಸಾಡುವ ಅಭ್ಯಾಸ. ಮೊದಲಿನಿಂದ ಜೋಡಿಸಲು ಇನ್ನು ದಿನ ಸಾಲದು. ಪುತ್ತೂರಿನಲ್ಲಿ ಮಾಡಿಕೊಡುವವರು ಇದ್ದಾರಂತೆ, ಶಶಾಂಕನಿಗೆ ಹೇಳಿ ಅಲ್ಲಿಗೆ ಕೊಟ್ಟುಬಿಡು.

ಅಮ್ಮನಿಗೆ ಇದು ಯಾವುದನ್ನೂ ಹೇಳಬೇಡ. ಅವಳಿಗೆ ಬೇಸರವಾದೀತು.

ಕೃಷ್ಣಮೋಹನ


ಕಡಬ
7-1-2025

ಅಮ್ಮ,

ಅಪ್ಪ ನನಗೆ ಬರೆದದ್ದನ್ನು ಇದರೊಟ್ಟಿಗೆ ಇಟ್ಟಿದ್ದೇನೆ. ಹೇಳಬೇಡ ಎಂದು ಬರೆದಿದ್ದಾರೆ. ನಾನು ಹೇಳುತ್ತಿಲ್ಲ. ನೀನೇ ಓದು.

ಉಪ್ಪಿನಕಾಯಿ ಬೇಡ.

ತನ್ಮಯೀ


ಕುಂಬ್ರ
11-1-2025

ತನ್ಮಯೀ,

ಹಟ್ಟಿಯಲ್ಲಿ ದನದ ಹತ್ತಿರ ನಿಂತು ಓದಿದೆ. ಎರಡನೇ ಸಲ ದೇವರ ಕೋಣೆಯಲ್ಲಿ ಓದಿದೆ. ದೇವರ ಮುಖ ನೋಡಲು ಆಗಲಿಲ್ಲ. ತುಪ್ಪದ ದೀಪ ಹಚ್ಚಿದ್ದು ನೆನಪಾಯಿತು.

ಮೊದಲು ನನ್ನ ತಪ್ಪು. ಮೂರು ಗಂಟೆಯ ಬೆಳಕಿನಲ್ಲಿ ಶಾಯಿ ನೋಡುವುದು ಮೂವತ್ತು ವರ್ಷದಿಂದ ಉಂಟು, ನನ್ನ ಕಣ್ಣೆದುರೇ ಉಂಟು. ನಾನು ಅದನ್ನು ಬಿಟ್ಟು ಅಣ್ಣನ ಮೂರು ಗಂಟೆಯನ್ನು ಹಿಡಿದುಕೊಂಡೆ.

ಇನ್ನು ನಿಮ್ಮ ತಪ್ಪು. ಅಪ್ಪನಿಗೆ ಗೊತ್ತು, ಮಗಳಿಗೆ ಗೊತ್ತು, ಅಳಿಯನಾಗುವವನಿಗೆ ಗೊತ್ತು, ಜಾಲ್ಸೂರಿನ ಫಯಾಝನಿಗೆ ಗೊತ್ತು. ಅರಿಶಿನ ಕಲಸುವವಳಿಗೆ ಮಾತ್ರ ಗೊತ್ತಿಲ್ಲ. ನನಗೆ ಬೇಸರವಾದೀತು ಎಂದು ಮುಚ್ಚಿಟ್ಟಿರಿ. ಕಾಗದ ಬೇಡ ಎಂದಿದ್ದರೆ ನಾನು ಎರಡು ದಿನ ಮುಖ ಊದಿಸುತ್ತಿದ್ದೆ. ಮೂರನೇ ದಿನ ಸರಿಯಾಗುತ್ತಿದ್ದೆ. ಈಗ ಎರಡು ತಿಂಗಳು ಗಂಡನನ್ನು ಕಳ್ಳನ ಹಾಗೆ ನೋಡಿದ ಪಾಪ ನನ್ನ ತಲೆಯ ಮೇಲೆ ಉಂಟು. ಇದರಲ್ಲಿ ನಿಮ್ಮ ಪಾಲು ಎಷ್ಟು ಎಂದು ನೀವೇ ನೋಡಿಕೊಳ್ಳಿ.

ಓದಿ ಮುಗಿಸಿದಾಗ ಒಂದು ಸಾಲು ಮಾತ್ರ ತಲೆಯಲ್ಲಿ ನಿಂತಿತು. ಚೀಟಿಯಲ್ಲಿ ಬರೆದು ಬಿಸಾಡುವ ಅಭ್ಯಾಸ.

ದೇವರ ಕೋಣೆಯ ಹಲಗೆಯ ಮೇಲೆ ಹೋದ ವರ್ಷದ ಪಂಚಾಂಗ ಉಂಟು. ಅದರ ಎಲೆಗಳ ನಡುವೆ ನಾನು ಎಲ್ಲವನ್ನೂ ಇಟ್ಟಿದ್ದೆ. ಲೆಕ್ಕ ಮಾಡಿದೆ, ಮೂವತ್ತೇಳು. ಪಂಚಾಂಗ ತೆಗೆದುಕೊಂಡು ಹೋಗಿ ಅವರ ಎದುರು ಮೇಜಿನ ಮೇಲೆ ಕೊಡವಿದೆ.

"ಇದು ಎಂತ?"

"ನಿಮ್ಮ ಲಾಟರಿ."

"ಲಾಟರಿಯಾ?"

ಅವರು ಒಂದನ್ನು ಎತ್ತಿ ನೋಡಿದರು. ಇನ್ನೊಂದು. ಹಿಂದೆ ಮಗುಚಿ ತಾರೀಕು ನೋಡಿದರು. ಆಮೇಲೆ ಕಾಗದ ಕತ್ತರಿಸುವ ಮೇಜಿನ ಮೇಲಿದ್ದ ಎಲ್ಲವನ್ನೂ ಒಂದು ಬದಿಗೆ ದೂಡಿ, ತಾರೀಕಿನ ಪ್ರಕಾರ ಸಾಲಾಗಿ ಇಡಲು ಸುರು ಮಾಡಿದರು. ಮೊಳೆ ಜೋಡಿಸುವಾಗ ಅವರ ಬೆರಳು ಓಡುತ್ತಿದ್ದದ್ದು ಹೀಗೇ. ನಾನು ಅದನ್ನು ನೋಡದೆ ಎಷ್ಟೋ ವರ್ಷ ಆಗಿತ್ತು.

"ಇದು ಅಂಚಿನ ಬಳ್ಳಿ. ಇದು ಎರಡೂ ಮನೆಯವರ ಹೆಸರಿನ ಸಾಲು. ಇದು... ಇದೂ ಉಂಟಾ? ಇದು ಹೆಸರುಗಳ ನಡುವಿನ ಜಾಗ, ನಾಲ್ಕು ದಿನ ಹಿಡಿದಿತ್ತು ನನಗೆ. ತಾರೀಕು ಹಾಕಿದ್ದು ಯಾರು?"

"ನಾನು. ನಾಳೆ ಸಾಕ್ಷಿ ಬೇಕಾದ್ರೆ?"

"ಯಾರ ಎದುರು ಸಾಕ್ಷಿ? ಪೊಲೀಸರಿಗೆ ಹೇಳ್ಲಿಕ್ಕಿದ್ಯಾ ನೀನು?"

"ಮೊದಲು ದೇವರಿಗೆ ಹೇಳಿದ್ದೆ. ಅಲ್ಲಿ ಆಗದಿದ್ರೆ ಪೊಲೀಸು."

ಹದಿನಾರು ದಿನದ ಮೇಲೆ ನಿನ್ನ ಅಪ್ಪ ನಕ್ಕರು. ನಗುತ್ತಾ ಕನ್ನಡಕ ತೆಗೆದರು. ಕಣ್ಣು ಒರೆಸಿಕೊಂಡದ್ದು ನಗುವಿಗೆ ಎಂದೇ ಇಟ್ಟುಕೊಳ್ಳುವ.

ಆಮೇಲೆ ನಾನು ಕೇಳಿದೆ, ದೇರಣ್ಣನ ಮಗಳ ಕಾಗದ ಎಲ್ಲಿ ಎಂದು. ಡ್ರಾಯರಿನಿಂದ ತೆಗೆದು ಕೊಟ್ಟರು.

"ಇದರ ಬಣ್ಣಕ್ಕೆ ತಾಳೆ ನೋಡಿದ್ದಾ ನೀವು?"

"ಹೌದು. ಎಷ್ಟು ಮಾಡಿದ್ರೂ ನಿನ್ನ ಅರಿಶಿನ ಆಗುದಿಲ್ಲ."

"ಹೇಗೆ ಆಗುದು ಮಾರಾಯ್ರೆ? ಮೂರು ವರ್ಷ ಹಳತು. ಬೆಳಕು ತಾಗಿ ತಾಗಿ ಬಣ್ಣ ಹೋಗಿದೆ. ಇದು ಅರಿಶಿನವಾ? ಇದು ಒಣಗಿದ ಬಾಳೆ ಎಲೆ."

ಅವರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. ಒಳಗೆ ಡಬ್ಬ ತುಂಬಾ ಅರಿಶಿನ ಇರುವಾಗ ಎರಡು ತಿಂಗಳು ಹಳೇ ಕಲೆ ನೋಡಿ ಕುಳಿತಿದ್ದ ಮನುಷ್ಯನಿಗೆ ನಾನು ಇನ್ನೇನು ಹೇಳಲಿ.

ಸಂಕ್ರಾಂತಿಗೆ ಬಾ. ಬೇಡವೆಂದರೂ ಉಪ್ಪಿನಕಾಯಿ ಕಟ್ಟಿ ಇಟ್ಟಿದ್ದೇನೆ.

ನಿನ್ನ ಅಮ್ಮ
ಪರಮೇಶ್ವರಿ


ಕುಂಬ್ರ
2-2-2025

ಮಗಳು ತನ್ಮಯಿಗೆ,

ನೀನು ಸಂಕ್ರಾಂತಿಗೆ ಬಂದು ಹೋದ ಮೇಲೆ ಇಲ್ಲಿ ಆದದ್ದನ್ನು ಬರೆಯುತ್ತೇನೆ. ಪುಟವನ್ನು ನೀನು ಟಾಂಕಿಯ ಕೆಳಗೆ ನಿಂತು ನೋಡಿದ್ದಿ ಎಂದು ಅಪ್ಪ ಹೇಳಿದರು. ಮಕ್ಕಳೆಲ್ಲ ಸುತ್ತ ನಿಂತು ನೋಡಿದರಂತೆ. ಅದು ಹೇಗೆ ಆಯಿತು ಎಂದು ನಿನಗೆ ಗೊತ್ತಿರಲಿ.

ಚೀಟಿಗಳಿಂದ ಅವರು ಎಲ್ಲವನ್ನೂ ಪುನಃ ಜೋಡಿಸಿದರು. ಫಯಾಝ್ ಎರಡು ಸಲ ಇಲ್ಲಿಗೇ ಬಂದಿದ್ದ. ಒಂದು ಪ್ರತಿಯನ್ನು ಬೇರೆ ಕಡೆ ಇಡಿಸಿಯೇ ಚಹಾ ಮುಟ್ಟಿದ. ನನ್ನ ಹತ್ತಿರ ಮೆಲ್ಲಗೆ "ಅಮ್ಮ, ಇನ್ನು ಮೊಬೈಲಿಗೆ ಕೈ ಹಾಕುದಿಲ್ಲ ಅಲ್ವಾ?" ಎಂದ. ಗಾಳಿಪಟದ ಕಾಗದದ ನೆನಪು ಮಾಡಿದೆ, ಕಿವಿ ತುರಿಸಿಕೊಂಡ.

ಅರಿಶಿನಕ್ಕೆ ಮೂರು ಮಧ್ಯಾಹ್ನ ಬೇಕಾಯಿತು. ಹೊಸ ಕೊಂಬು ತೇಯ್ದು ಒಂದು ಬಿಳಿ ಕಾಗದದ ಮೂಲೆಗೆ ಹಚ್ಚಿ ಕಿಟಕಿಯಲ್ಲಿ ಇಟ್ಟೆ. ಪಕ್ಕದಲ್ಲಿ ಮೊಬೈಲು. ಅವರು ಒಂದೊಂದು ನಂಬ್ರ ಹಾಕುವುದು, ನಾನು ಹೇಳುವುದು.

"ಇದು?"

"ಇದು ನಿಂಬೆಹಣ್ಣು."

"ಇದು?"

"ಇದು ಚೆಂಡುಹೂ. ಮದುವೆಗೆ ಆಗ್ತದೆ, ಮೂಲೆಗೆ ಆಗುದಿಲ್ಲ."

"ಇದಾದ್ರೂ?"

"ಒದ್ದೆ ಇರುವಾಗ ಹೀಗೆ. ಒಣಗಿದ ಮೇಲೆ ಸ್ವಲ್ಪ ಇಳಿತದೆ. ಒಣಗಿದ್ದು ಬೇಕು."

ಒಣಗಲಿ ಎಂದು ಇಬ್ಬರೂ ಕಾದು ಕುಳಿತೆವು. ಗುಂಡಗೆ ಮಾಡಿದ್ದನ್ನೂ ನಾನು ಒಪ್ಪಲಿಲ್ಲ. ನನ್ನ ಹೆಬ್ಬೆರಳು ಎಲ್ಲಿ ಗುಂಡಗೆ ಬೀಳುತ್ತದೆ? ಮೇಲಿನಿಂದ ಕೆಳಗೆ ಸ್ವಲ್ಪ ಎಳೆದ ಹಾಗೆ ಬೀಳುತ್ತದೆ. ಅದಕ್ಕೂ ಆ ನಿಘಂಟಿನಲ್ಲಿ ಒಂದು ದಾರಿ ಉಂಟಂತೆ, ನಾಲ್ಕು ಬದಿಗೆ ನಾಲ್ಕು ಬೇರೆ ಅಂಕೆ ಕೊಡುವುದು. ಮೂರನೇ ದಿನ ಅವರು ಹಾಕಿದ ಒಂದು ಹಳದಿಗೆ ನಾನು ಏನೂ ಹೇಳಲಿಲ್ಲ. ಅವರಿಗೆ ಗೊತ್ತಾಯಿತು.

ಆದರೆ ದೇವರಿಗೆ ಎಂತ ಮಾಡುವುದು? ಅದನ್ನೂ ಕೇಳಿದೆ.

"ಮೊಬೈಲನ್ನೇ ಎದುರು ಇಡುವ," ಎಂದರು.

"ದೇವರಿಗೆ ವಾಟ್ಸಾಪು ಉಂಟಾ? ಬೆಳಕು ಆರಿದ್ರೆ ಪುನಃ ಯಾರು ಒತ್ತುದು?"

ನೀನು ಕಾಗದ ಬೇಡವೆಂದದ್ದು ಊರಿಗೆ ಹಂಚಲು. ದೇವರ ಲೆಕ್ಕ ಅದರಲ್ಲಿ ಬರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೇನೆ, ಕೋಪ ಮಾಡಬೇಡ. ಶುಕ್ರವಾರ ಬೆಳಿಗ್ಗೆ ಅಪ್ಪ ಹಳೇ ಮಿಷನಿಗೆ ಎಣ್ಣೆ ಬಿಟ್ಟು, ಅದೇ ಪುಟವನ್ನು ಮೊಳೆಯಲ್ಲಿ ಜೋಡಿಸಿ, ಒಂದೇ ಒಂದು ಕಾಗದ ಅಚ್ಚು ಹಾಕಿದರು. ಮಿಷನಿನ ಶಬ್ದ ಕೇಳಿ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಒಂದು ಕಾಗದಕ್ಕೆ ಇಷ್ಟು ಗೌಜಿಯಾ ಎಂದು ದೇರಣ್ಣ ಕೇಳಿದರು. ನಾನು ನಾಲ್ಕು ಮೂಲೆಗೆ ಹಚ್ಚಿದೆ. ಆಮೇಲೆ ಮೊಬೈಲಿನ ಪುಟವನ್ನು ಪಕ್ಕದಲ್ಲಿ ಹಿಡಿದು ನೋಡಿದೆ. ಎರಡರಲ್ಲಿ ನಾನು ಹಚ್ಚಿದ್ದು ಯಾವುದು ಎಂದು ದೂರದಿಂದ ಹೇಳಲಿಕ್ಕೆ ಆಗುವುದಿಲ್ಲ.

ರುದ್ರಾಭಿಷೇಕವನ್ನೂ ಮಾಡಿಸಿ ಬಂದೆವು. ಇಲ್ಲದ ಚಟಕ್ಕೆ ಹೇಳಿದ ಹರಕೆ ಅಲ್ವಾ ಎಂದು ಅಪ್ಪ ತಮಾಷೆ ಮಾಡಿದರು. ಹೇಳಿದ್ದು ಹೇಳಿದ್ದೇ. ಸಂಕಲ್ಪ ಹೇಳುವಾಗ ಭಟ್ಟರು ಕಾರಣ ಕೇಳಿದರು. ನಾನು ಗಿರಿಧರ ಅಣ್ಣನ ಹೆಸರು ಹೇಳಿದೆ, ಎಲ್ಲಿದ್ದರೂ ಬರಲಿ ಎಂದು. ಅವನಿಗೆ ಯಾವ ವಿಳಾಸಕ್ಕೆ ಕಾಗದ ಹಾಕುವುದು? ಆ ಪುಟವಾದರೆ ಯಾರಿಂದಲೋ ಯಾರಿಗೋ ಹೋಗಿ ಅವನ ಕಣ್ಣಿಗೂ ಬೀಳಬಹುದಂತೆ. ಅದೊಂದು ಕಾಗದದಲ್ಲಿ ಆಗುತ್ತಿರಲಿಲ್ಲ.

ನಿನ್ನೆ ಅಪ್ಪ ಮತ್ತೆ ಜಾಲ್ಸೂರಿಗೆ ಹೋಗಿ ಬಂದರು. ಇನ್ನೊಬ್ಬರ ಮದುವೆಯ ಪುಟಕ್ಕೆ ಫಯಾಝನ ಹತ್ತಿರ ಏನೋ ಕೇಳಲಿಕ್ಕೆ ಇತ್ತಂತೆ. ಅಂಗಿ ಒಗೆಯುವಾಗ ಒಂದು ಚೀಟಿ ಸಿಕ್ಕಿತು, ಬಿ5330ಎಫ್. ಕೆಂಪು ಇರಬೇಕು, ಕುಂಕುಮದ್ದು. ನಾನು ಕೇಳಲಿಲ್ಲ. ನನಗೆ ಈಗ ಅವರ ಮೇಲೆ ಪೂರ್ತಿ ನಂಬಿಕೆ ಉಂಟು.

ಹಿಂದೆ ತಾರೀಕು ಹಾಕಿ ಪಂಚಾಂಗದಲ್ಲಿ ಇಟ್ಟಿದ್ದೇನೆ.

ನಿನ್ನ ದಾರಿ ನೋಡುತ್ತಿರುವ
ಅಮ್ಮ